ಸೇವೆ ಮಾಡಲು ಬಿಡದ ಓಣಿ

ಅಜ್ಜಾರಿಗೆ ಒಂದು ಅಭ್ಯಾಸ. ತಾವು ಕೂತಿರುವ ಕೋಣೆಯೊಳಗೆ ಹೆಂಗಸರು ಯಾರು ಬಂದರೂ ಎದ್ದು ನಿಲ್ಲುತ್ತಾರೆ. ಎಂಬತ್ತರ ಮುದುಕಿ ಬರಲಿ, ಗೆಜ್ಜೆ ಕಟ್ಟಿಕೊಂಡ ಮೂರು ವರ್ಷದ ಕೂಸು ಬರಲಿ, ಎರಡೂ ಮೊಣಕಾಲಿಗೆ ಕೈ ಊರಿ, ಸಣ್ಣಗೆ ನರಳಿ, ಎದ್ದು, ಬಂದವರು ಕೂರುವ ತನಕ ನಿಂತೇ ಇರುತ್ತಾರೆ. ಎಪ್ಪತ್ತೊಂದು ವರ್ಷ, ಆರಡಿ ಮೀರಿದ ಎತ್ತರ. ಅವರು ಏಳುವುದೆಂದರೆ ಮಡಚಿಟ್ಟ ಏಣಿಯನ್ನು ಬಿಚ್ಚಿದ ಹಾಗೆ. ಚಿಕ್ಕಂದಿನಲ್ಲಿ ತಾಯಿ ಕಲಿಸಿದ ಮರ್ಯಾದೆಯಂತೆ.

ಅಮೆರಿಕದಲ್ಲಿ ಹಿಮ ಬೀಳುವ ಯಾವುದೋ ಊರು ಅವರದು. ಅವರ ಚರ್ಚಿನವರು ಅಜ್ಜಾರನ್ನೂ ಅವರ ಹೆಂಡತಿ ಅಮ್ಮಾರನ್ನೂ ಒಂದೂವರೆ ವರ್ಷದ ಸೇವೆಗೆಂದು ನಮ್ಮ ಕೊಟ್ಟೂರಿಗೆ ಕಳಿಸಿದ್ದರು. ಧರ್ಮದ ಮಾತು ಆಡುವ ಹಾಗಿಲ್ಲ. ಯಾರಿಗೆ ಏನು ಬೇಕೋ ಆ ಕೆಲಸ ಮಾಡಿಕೊಡಬೇಕು, ಅಷ್ಟೇ. ಅವರಿಗೆ ಕನ್ನಡ ಬಾರದು. ಇಂಗ್ಲಿಷ್ ಮೀಡಿಯಂ ಓದಿದವಳು ಅಂತ ನನ್ನನ್ನು ದುಭಾಷಿಯಾಗಿ ಇಟ್ಟುಕೊಂಡು, ನಮ್ಮ ಮನೆಯಲ್ಲೇ ಬಾಡಿಗೆಗೆ ಇಳಿದರು. ಯಾವ ಭಾಷೆಯಲ್ಲೂ ನನಗೆ ಮಾತು ಕಮ್ಮಿ ಅನ್ನುವುದು ಅವರಿಗೆ ಆಮೇಲೆ ಗೊತ್ತಾಯಿತು.

ಪ್ರತಿ ಶನಿವಾರ ಒಂದು ಫಾರಂ ತುಂಬಿ ತಮ್ಮ ಆಫೀಸಿಗೆ ಕಳಿಸಬೇಕು. ಅದರಲ್ಲಿ ಒಂದು ಕಾಲಂ: ಈ ವಾರ ಮಾಡಿದ ಸೇವೆ, ಗಂಟೆಗಳಲ್ಲಿ. ಮೊದಲ ಮೂರು ತಿಂಗಳು ಆ ಕಾಲಂ ಖಾಲಿ ಬಿದ್ದರೆ ಈ ಊರಿನಲ್ಲಿ ಕೆಲಸ ಇಲ್ಲವೆಂದು ಬೇರೆ ದೇಶಕ್ಕೆ ಕಳಿಸುತ್ತಾರೆ. ಅಮ್ಮಾರಿಗೆ ನಮ್ಮ ಓಣಿ ಮೊದಲ ವಾರವೇ ಹಿಡಿಸಿಬಿಟ್ಟಿತ್ತು. "ಊಟ ಆಯಿತಾ ಅಂತ ಇಲ್ಲಿ ದಿನಕ್ಕೆ ಇಪ್ಪತ್ತು ಜನ ಕೇಳುತ್ತಾರೆ. ಈ ವಯಸ್ಸಿನಲ್ಲಿ ಇನ್ನೊಂದು ಊರಿನ ಮುಖಗಳನ್ನು ಹೊಸದಾಗಿ ಕಲಿಯಲಾರೆ" ಅನ್ನುತ್ತಿದ್ದರು.

ತೊಂದರೆ ಏನೆಂದರೆ, ತಲೆ ಬೆಳ್ಳಗಾದವರು, ಅದರಲ್ಲೂ ಪರವೂರಿನಿಂದ ಬಂದವರು, ಕಡ್ಡಿ ಎತ್ತಿಟ್ಟರೂ ಅದು ನಮ್ಮವರಿಗೆ ಅವಮಾನ. ಇವರು ಸೇವೆ ಮಾಡಲೆಂದು ಬಂದವರು, ನಾವು ಮಾಡಗೊಡದವರು. ಹಾಗಾಗಿ ವಾರಕ್ಕೆ ಒಂದಾದರೂ ಪ್ರಸಂಗ ಆಗದೆ ಬಿಡುತ್ತಿರಲಿಲ್ಲ.

೧. ನೀರಿನ ತಂಬಿಗೆ

ಮೊದಲು ಹೋಗಿದ್ದು ಎದುರುಮನೆಗೆ. ಆ ಮನೆಯ ಯಜಮಾನಿಯನ್ನು ಓಣಿಯವರೆಲ್ಲ ದೊಡ್ಡವ್ವ ಅನ್ನುತ್ತೇವೆ. ನಾವು ಕೂತ ಕೂಡಲೇ ದೊಡ್ಡವ್ವನ ಸೊಸೆ ತಂಬಿಗೆಯಲ್ಲಿ ನೀರು ತಂದಳು. ಅಜ್ಜಾರು ಎದ್ದು ನಿಂತರು. ಹಿರಿಯರು ತನ್ನ ಮುಂದೆ ನಿಂತದ್ದು ನೋಡಿ ಸೊಸೆ ಗಾಬರಿಯಾಗಿ, ಸೆರಗು ತಲೆಗೆಳೆದುಕೊಂಡು ತಂಬಿಗೆ ಸಮೇತ ಒಳಗೆ ಹೋದಳು. ಅಜ್ಜಾರು ಕೂತರು. ಸೊಸೆ ಬಾಗಿಲಲ್ಲಿ ಇಣುಕಿ, ಕೂತಿದ್ದಾರೆ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಬಂದಳು. ಅಜ್ಜಾರು ಮತ್ತೆ ಎದ್ದರು. ಹೀಗೆ ಮೂರು ಸಲ.

ಒಳಗಿನಿಂದ ದೊಡ್ಡವ್ವನ ದನಿ ಕೇಳಿಸಿತು. "ಒಂದು ತಂಬಿಗಿ ನೀರು ಕೊಡಾಕ ಇಷ್ಟೊತ್ತೇನವ್ವ?"

"ಅತ್ತಿ, ಅವರು ಹೊಂಟು ನಿಂತಾರ್ರಿ."

"ಬಂದು ಐದು ನಿಮಿಷ ಆಗಿಲ್ಲ, ಏನಂದಿ ಅವರಿಗೆ ನೀನು?" ಅನ್ನುತ್ತ ದೊಡ್ಡವ್ವನೇ ಹೊರಗೆ ಬಂದಳು. ಅಜ್ಜಾರು ಎದ್ದರು.

"ಕುಂದ್ರಿ ಯಪ್ಪಾ" ಅಂದಳು ದೊಡ್ಡವ್ವ.

"ಮೊದಲು ತಾವು" ಅಂದರು ಅಜ್ಜಾರು, ನನ್ನ ಮೂಲಕ.

"ಮನಿಗೆ ಬಂದವರು ನಿಂತಾಗ ನಾ ಹೆಂಗ ಕುಂದ್ರಲಿ? ಅವರಿಗೆ ಹೇಳವ್ವ."

ಹೇಳಿದೆ. ಇಬ್ಬರೂ ನಿಂತೇ ಇದ್ದರು. ಇಬ್ಬರಿಗೂ ಮೊಣಕಾಲು ನೋವು. ಇಬ್ಬರೂ ನನ್ನ ಮುಖ ನೋಡತೊಡಗಿದರು. ಕೊನೆಗೆ ನಾನು ಬಹಳ ಸಂಕೋಚದಿಂದ, "ಒಂದು, ಎರಡು, ಮೂರು ಅಂತೀನಿ, ಇಬ್ಬರೂ ಒಮ್ಮೆಲೇ ಕುಂದ್ರಿ" ಅಂತ ಎರಡೂ ಭಾಷೆಯಲ್ಲಿ ಹೇಳಿದೆ. ಎಣಿಸಿದೆ. ಕೂತರು. ಉಸಿರುಬಿಟ್ಟರು.

ಆಗ ಸೊಸೆ ತಂಬಿಗೆ ಹಿಡಿದು ಬಂದಳು.

೨. ಹನ್ನೊಂದು ಲೋಟ

ಎರಡನೇ ವಾರ ಮನೆ ಮನೆಗೆ ಹೋಗಿ, ಏನು ಕೆಲಸ ಇದೆ ಅಂತ ಕೇಳುವುದೆಂದು ತೀರ್ಮಾನವಾಯಿತು. ಅವರ ಚರ್ಚಿನ ನೇಮದ ಪ್ರಕಾರ ಚಹಾ, ಕಾಫಿ ಎರಡೂ ಮುಟ್ಟುವ ಹಾಗಿಲ್ಲ. ಮೊದಲನೇ ಮನೆಯಲ್ಲಿ ಚಹಾ ತಂದರು. ಇವರು ಕುಡಿಯುವುದಿಲ್ಲ ಅಂದೆ.

"ಸಕ್ರಿ ಕಾಯಿಲೆ ಏನು?" ಅಂದಳು ಆ ಮನೆಯ ಹೆಂಗಸು.

"ಇಲ್ಲ, ಅವರ ನೇಮ."

"ಹಂಗಾರ ಪಿತ್ತ ಇರಬೇಕು" ಅಂತ ಆಕೆ ಮರುಕದಿಂದ ಚಹಾ ಒಯ್ದು ಕಾಸಿದ ಹಾಲು ತಂದಳು. ಒಂದನ್ನು ಬೇಡ ಅಂದಾಗಿದೆ, ಇನ್ನೊಂದನ್ನೂ ಬೇಡ ಅಂದರೆ ಒರಟುತನ ಅಂತ ಅಜ್ಜಾರು ಕುಡಿದರು. ಅಮ್ಮಾರಿಗೆ ಹಾಲು ಆಗಿಬರುವುದಿಲ್ಲ. ಅವರ ಲೋಟವನ್ನೂ ಅಜ್ಜಾರೇ ಕುಡಿದರು. ಎರಡನೇ ಮನೆಗೆ ನಾವು ಹೋಗುವುದರೊಳಗೆ ಸುದ್ದಿ ಹೋಗಿತ್ತು. ಅಲ್ಲಿ ಚಹಾದ ಮಾತೇ ಇಲ್ಲ, ಹಾಲು ಒಲೆಯ ಮೇಲಿತ್ತು. ಮೂರನೇ ಮನೆಯಲ್ಲಿ ಕೆನೆ ಹಾಕಿ ಕೊಟ್ಟರು. ಆರನೇ ಮನೆಯಲ್ಲಿ ನಿನ್ನೆ ತಾನೇ ಎಮ್ಮೆ ಈದಿತ್ತು. ಒಟ್ಟು ಹನ್ನೊಂದು ಲೋಟ.

ಪ್ರತಿ ಮನೆಯಲ್ಲೂ ಲೋಟ ಕೆಳಗಿಟ್ಟು ಅಜ್ಜಾರು, "ನಿಮಗೆ ನಾವು ಏನು ಸಹಾಯ ಮಾಡಬಹುದು?" ಅಂತ ಕೇಳುತ್ತಿದ್ದರು. ಪ್ರತಿ ಮನೆಯಲ್ಲೂ ಒಂದೇ ಉತ್ತರ: "ನಮ್ಮ ಮನಿಗೆ ಬಂದು ಹಾಲು ಕುಡುದ್ರಲ್ಲ, ಅದ ದೊಡ್ಡದು ಬಿಡ್ರಿ."

ಶನಿವಾರ ಅಮ್ಮಾರು ಫಾರಂ ಮುಂದಿಟ್ಟುಕೊಂಡು ಪೆನ್ನು ಹಿಡಿದು ಕೂತಿದ್ದರು. "ಏನಂತ ಬರೆಯಲಿ?" ಅಂದರು.

ಅಜ್ಜಾರು ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ಕಣ್ಣು ತೆರೆಯದೆ ಅಂದರು: "ಹಾಲು ಕುಡಿದದ್ದು ಅಂತ ಬರಿ. ಆರು ಗಂಟೆ. ಜೀವನದಲ್ಲಿ ಇಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ."

ಅಮ್ಮಾರು ಸೊನ್ನೆ ಬರೆದರು.

೩. ಇಟ್ಟಿಗಿಯ ಕನ್ನಡಕ

ಆಫೀಸಿನಿಂದ ಒಂದು ಡಬ್ಬಿ ತುಂಬ ಕನ್ನಡಕ ಬಂತು. ಹತ್ತಿರದ್ದು ಕಾಣದ ಮುದುಕರಿಗೆ ಹಂಚುವುದಕ್ಕೆ. ನಮ್ಮ ಓಣಿ ಬೇಡ, ಗುರುತಿಲ್ಲದ ಊರಿಗೆ ಹೋದರೆ ಕೆಲಸ ಮಾಡಗೊಡಬಹುದು ಅಂತ ಬಸ್ಸು ಹತ್ತಿ ಇಟ್ಟಿಗಿಗೆ ಹೋದೆವು. ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಅಂಗಡಿ ಹೂಡಿದೆವು. ಓದು ಬಾರದವರೇ ಹೆಚ್ಚಾದ್ದರಿಂದ ಪರೀಕ್ಷೆಗೆ ಒಂದು ತಟ್ಟೆ ಅಕ್ಕಿ. ಕನ್ನಡಕ ಹಾಕಿಕೊಂಡು ಅದರಲ್ಲಿನ ಕಲ್ಲು ಆರಿಸಿದರೆ ಆ ನಂಬರು ಸರಿ ಅಂತ ಲೆಕ್ಕ.

ಮೊದಲಿಗೆ ಬಂದವನು ಹೆಗಲ ಮೇಲೆ ಕಂಬಳಿ ಹೊತ್ತ, ಕುರಿ ಕಾಯುವ ಮುದುಕ. ಒಂದು ಕನ್ನಡಕ ಹಾಕಿಸಿದೆವು. ಅಜ್ಜಾರು ನಿಂತುಕೊಂಡೇ ಬಾಗಿ, ತಟ್ಟೆಯನ್ನು ಅವನ ಮುಖದ ಹತ್ತಿರ ಹಿಡಿದರು.

ಮುದುಕ ಅಕ್ಕಿ ನೋಡಲಿಲ್ಲ. ತಟ್ಟೆ ಹಿಡಿದ ಕೈ ನೋಡಿದ. ಆಮೇಲೆ ಬಾಗಿದ ಮುಖ ನೋಡಿದ. ನೋಡೇ ನೋಡಿದ.

"ಏನು ಕಾಣಾಕ ಹತ್ತೇತಿ ಯಜ್ಜಾ?" ಅಂದೆ.

"ಬೆಳ್ಳಗ ಮಸುಕ ಮಸುಕ ಕಾಣುವಾಗ ಯಾರೋ ವಯಸ್ಸಿನ ಹುಡುಗ ಅಂದ್ಕೊಂಡಿದ್ನೆವ್ವ. ಇಂವ ನನಕಿಂತ ಮುದುಕ ಅದಾನ. ಕೈ ನೋಡು, ಹೆಂಗ ನಡುಗಾಕ ಹತ್ತ್ಯಾವ. ಇಂಥವನ್ನ ನಿಂದ್ರಿಸಿ ದುಡಿಸ್ತೀರಲ್ಲ, ನಿಮಗ ಹಿರೇರು ಕಿರೇರು ಇಲ್ಲೇನು?"

ನಾನು ಏನಾದರೂ ಹೇಳುವುದರೊಳಗೆ ತಟ್ಟೆ ಅವನ ಕೈಯಲ್ಲಿತ್ತು. ಕಂಬಳಿ ಕಟ್ಟೆಯ ಮೇಲೆ ಹಾಸಿ, ಅಜ್ಜಾರನ್ನು ಭುಜ ಹಿಡಿದು ಕೂರಿಸಿದ. ಯಾರನ್ನೋ ಕೂಗಿ ಮಜ್ಜಿಗೆ ತರಿಸಿದ. ಆಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಊರಿಗೆ ತಾನೇ ಕನ್ನಡಕ ಹಂಚಿದ. ಕಲ್ಲು ಆರಿಸಲು ಆಗದವರಿಗೆ ಬೈದ, ಕಲ್ಲು ಮುಗಿದಾಗ ನೆಲದಿಂದ ಹೊಸ ಕಲ್ಲು ಹಾಕಿದ. ಅಜ್ಜಾರು ಕಂಬಳಿಯ ಮೇಲೆ ನಿದ್ದೆ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಾರು ತುಂಬ ಹೊತ್ತು ಯೋಚಿಸಿ ಅಂದರು: "ಮೊದಲನೇ ಕನ್ನಡಕ ಮಾತ್ರ ನಾನೇ ಕೊಟ್ಟೆ, ಅಲ್ಲವೇ? ಮೂರು ನಿಮಿಷ ಅಂತ ಬರೆಯಬಹುದು."

೪. ತೊಳೆದ ಪಾತ್ರೆ

ಕೇಳಿದರೆ ಬೇಡ ಅನ್ನುತ್ತಾರೆ, ಕೇಳದೇ ಮಾಡಿಬಿಡಬೇಕು ಅಂತ ಅಮ್ಮಾರು ನಿರ್ಧರಿಸಿದರು. ಒಂದು ಬೆಳಿಗ್ಗೆ ಎದುರುಮನೆಯ ಸೊಸೆ ನಲ್ಲಿಗೆ ನೀರು ಬಂತೆಂದು ಕೊಡ ಹಿಡಿದು ಓಡಿದ್ದಳು. ಅಂಗಳದಲ್ಲಿ ಮುಸುರೆ ಪಾತ್ರೆಗಳ ರಾಶಿ. ಅಮ್ಮಾರು ಹೋಗಿ, ಮಣೆ ಎಳೆದುಕೊಂಡು, ಅಷ್ಟನ್ನೂ ತಿಕ್ಕಿ ತೊಳೆದು ಬೋರಲು ಹಾಕಿದರು. ಬಹಳ ಸಂತೋಷದಿಂದ ಬಂದು ನನಗೆ ಹೇಳಿದರು: "ನಲವತ್ತು ನಿಮಿಷ."

ಮಧ್ಯಾಹ್ನದೊಳಗೆ ನಲ್ಲಿಯ ಹತ್ತಿರ ಸುದ್ದಿಯಾಗಿತ್ತು: ಎದುರುಮನೆಯ ಸೊಸೆ ಅಮೆರಿಕದ ಮುದುಕಿಯ ಕೈಲಿ ಮುಸುರೆ ತಿಕ್ಕಿಸುತ್ತಾಳೆ. ದೊಡ್ಡವ್ವ ಸೊಸೆಗೆ, "ಓಣ್ಯಾಗ ತಲಿ ಎತ್ತಿ ಅಡ್ಡಾಡದಂಗ ಮಾಡಿದಿ" ಅಂದಳು. ಸಂಜೆಗೆ ಹಗರಿಬೊಮ್ಮನಹಳ್ಳಿಯಿಂದ ಸೊಸೆಯ ಅಣ್ಣನ ಫೋನು. "ಏನವ್ವ ತಂಗಿ, ಆಳು ಇಟ್ಕೊಳ್ಳೋವಷ್ಟು ದೊಡ್ಡಾಕಿ ಆಗೀಯಂತ?" ಸೊಸೆ ಅತ್ತಳು. ಅವಳು ಅಳುವುದು ಕೇಳಿ ಅಮ್ಮಾರು ನಮ್ಮ ಜಗಲಿಯ ಮೇಲೆ ಕೂತು ಅತ್ತರು. "ಇಷ್ಟು ದೂರ ಬಂದು ಒಬ್ಬ ಹೆಣ್ಣುಮಗಳಿಗೆ ಸಹಾಯ ಮಾಡಿದೆ, ಅವಳಿಗೆ ಬೈಸಿದೆ" ಅಂದರು. ಆಫೀಸಿನಿಂದ ಪತ್ರವೂ ಬಂದಿತ್ತು. ಮೂರು ತಿಂಗಳ ಕೆಲಸ ನೋಡಲು ಎರಡು ವಾರ ಬಿಟ್ಟು ಗುರುವಾರ ಒಬ್ಬ ಅಧಿಕಾರಿ ಬರುವವರಿದ್ದರು.

ದೊಡ್ಡವ್ವ ಬಂದು, "ಈಕಿ ಯಾಕ ಅಳ್ತಾಳವ್ವ?" ಅಂದಳು. ನಾನು ಫಾರಮ್ಮಿನ ವಿಷಯ, ಗಂಟೆಗಳ ವಿಷಯ, ಬೇರೆ ದೇಶದ ವಿಷಯ ಎಲ್ಲ ಹೇಳಿದೆ. ಅಷ್ಟು ಉದ್ದಕ್ಕೆ ನಾನು ಯಾರ ಹತ್ತಿರವೂ ಮಾತಾಡಿದ್ದಿಲ್ಲ.

ದೊಡ್ಡವ್ವ ನಂಬಲಿಲ್ಲ. "ಕೆಲಸ ಮಾಡದವರನ್ನ ಕಳಿಸಿಬಿಡ್ತಾರ?"

"ಹೂಂ ದೊಡ್ಡವ್ವ."

ಅವಳು ತಿರುಗಿ ತನ್ನ ಮನೆಯ ಪಡಸಾಲೆಯಲ್ಲಿ, ಮಂಚದ ಮೇಲೆ ಮಲಗಿದ್ದ ಗಂಡನ ಕಡೆ ನೋಡಿದಳು. "ಆ ಆಫೀಸಿನ ವಿಳಾಸ ನನಗೊಂಚೂರು ಬರಕೊಡು" ಅಂದಳು.

೫. ಓಣಿಯ ಕೌದಿ

ಎರಡು ದಿನ ದೊಡ್ಡವ್ವ ಯೋಚನೆ ಮಾಡಿದಳು. ಹಿರಿಯಳೊಬ್ಬಳು ಕೂತಲ್ಲೇ ಮಾಡುವ ಕೆಲಸ ಇರಬೇಕು, ಯಾವ ಸೊಸೆಗೂ ಕೆಟ್ಟ ಹೆಸರು ಬರಬಾರದು. ಮೂರನೇ ದಿನ ಹಳೆಯ ಸೀರೆಗಳ ಒಂದು ಗಂಟು ತಂದು ಅಮ್ಮಾರ ಮುಂದೆ ಬಿಚ್ಚಿ, ಸೂಜಿ ಕೊಟ್ಟಳು. ಕೌದಿ ಹೊಲಿಯುವುದು ನಮ್ಮಲ್ಲಿ ಮುದುಕಿಯರದೇ ಕೆಲಸ. ಮಧ್ಯಾಹ್ನ ಜಗಲಿಯ ಮೇಲೆ ಕಾಲು ಚಾಚಿ ಕೂತು, ಊರ ಮಾತು ಆಡುತ್ತ, ಹಳೆ ಬಟ್ಟೆಯ ಪದರುಗಳನ್ನು ಸಾಲು ಸಾಲಾಗಿ ಹೊಲಿಯುತ್ತಾರೆ.

ಅಮ್ಮಾರು ತಮ್ಮೂರಿನಲ್ಲಿ ಐದು ಮಕ್ಕಳಿಗೂ ಹದಿನೇಳು ಮೊಮ್ಮಕ್ಕಳಿಗೂ ಇಂಥದ್ದೇ ಹೊದಿಕೆ ಹೊಲಿದಿದ್ದರಂತೆ. ದೊಡ್ಡವ್ವ ಒಂದು ಮೂಲೆಯಿಂದ, ಅಮ್ಮಾರು ಇನ್ನೊಂದು ಮೂಲೆಯಿಂದ ಶುರು ಮಾಡಿದರು. ಒಬ್ಬರ ಹೊಲಿಗೆ ಇನ್ನೊಬ್ಬರು ಬಗ್ಗಿ ನೋಡುವುದು, ತಲೆಯಾಡಿಸುವುದು. ನನಗೆ ಕೆಲಸವೇ ಇರಲಿಲ್ಲ.

ಮರುದಿನ ಪಕ್ಕದ ಮನೆಯವಳು, "ನಮ್ಮತ್ತಿ ಸೀರಿನೂ ಒಂದು ಹಚ್ರಿ" ಅಂತ ತಂದುಕೊಟ್ಟಳು. ಅದಕ್ಕೆ ಜಾಗ ಮಾಡಲು ಕೌದಿ ಅಗಲವಾಯಿತು. ಅವರದು ಹಾಕಿದಿರಿ, ನಮ್ಮದು ಯಾಕಿಲ್ಲ ಅಂತ ಇನ್ನೊಬ್ಬರು ಬಂದರು. ವಾರದೊಳಗೆ ಕೌದಿ ನಮ್ಮ ಜಗಲಿ ದಾಟಿ, ಮೆಟ್ಟಿಲಿಳಿದು, ಪಕ್ಕದ ಮನೆಯ ಜಗಲಿ ಹತ್ತಿತ್ತು. ಒಂಬತ್ತು ಹೆಂಗಸರು ಅದರ ಸುತ್ತ ಕೂತಿದ್ದರು. ಶನಿವಾರ ಅಮ್ಮಾರು ಫಾರಮ್ಮಿನಲ್ಲಿ ಇಪ್ಪತ್ತೆರಡು ಅಂತ ಬರೆದು, ಅದನ್ನು ಅಜ್ಜಾರಿಗೆ ಎರಡು ಸಲ ತೋರಿಸಿದರು.

ಗುರುವಾರ ಅಧಿಕಾರಿ ಬಂದರು. ಮೂವತ್ತು ದಾಟಿರದ ವಿದೇಶಿ ಹುಡುಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ನೀಲಿ ಟೈ. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ಒಳ್ಳೆಯವರೇ. ಕೌದಿಯ ಉದ್ದಕ್ಕೂ ನಡೆದು ನೋಡಿ, "ಇದು ಯಾವ ಬಡ ಕುಟುಂಬಕ್ಕೆ?" ಅಂತ ಕೇಳಿದರು.

ನಾನು ದೊಡ್ಡವ್ವನನ್ನು ಕೇಳಿದೆ. ಅವಳ ಮುಖ ಬಿಗಿಯಿತು. "ನಮ್ಮ ಓಣ್ಯಾಗ ಹೊದ್ಕೊಳ್ಳಾಕ ಇಲ್ಲದವರು ಯಾರದಾರ ಅಂತ ಕೇಳು ಆ ಸಾಹೇಬನ್ನ."

"ಇನ್ನೂ ತೀರ್ಮಾನ ಆಗಿಲ್ಲವಂತೆ" ಅಂದೆ ನಾನು ಇಂಗ್ಲಿಷಿನಲ್ಲಿ.

ಅಧಿಕಾರಿ ಬರೆದುಕೊಂಡರು. "ಇದು ಯಾವಾಗ ಮುಗಿಯುತ್ತದೆ? ಇದೊಂದೇ ಕೆಲಸವಾದರೆ, ಮುಗಿದ ಮೇಲೆ ಇವರಿಬ್ಬರನ್ನು ಅಗತ್ಯ ಇರುವ ಕಡೆ ಕಳಿಸಬೇಕಾಗುತ್ತದೆ. ಆ ತಾರೀಖು ನನಗೆ ಬೇಕು."

ಅಮ್ಮಾರು ತಲೆ ತಗ್ಗಿಸಿದರು. ನಾನು ದೊಡ್ಡವ್ವನಿಗೆ ಹೇಳಿದೆ. ಒಂಬತ್ತು ಸೂಜಿಗಳೂ ನಿಂತವು.

"ಮುಗಿಯೋದಾ?" ಅಂದಳು ದೊಡ್ಡವ್ವ. "ಕೂಡ್ಲಿಗಿಯಿಂದ ನನ್ನ ತಂಗಿ ಸೀರಿ ಇನ್ನ ಬಂದಿಲ್ಲ. ಹರಪನಹಳ್ಳಿ ಬೀಗರಿಗೆ ಇನ್ನ ಹೇಳೇ ಇಲ್ಲ. ಅವರನ್ನ ಬಿಟ್ಟು ಹೊಲಿದ್ರ ನಾಳಿ ಅವರು ನಮ್ಮ ಮನಿ ಹೊಸ್ತಿಲ ತುಳೀತಾರೇನು?" ಹೀಗೆ ಬೆರಳು ಮಡಚುತ್ತ ಹೋದವಳು ಒಮ್ಮೆ ನಿಲ್ಲಿಸಿ, ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿದಳು. ನೋಟ ಅವರ ಕೊರಳಿನಲ್ಲಿ ನಿಂತಿತು.

"ಹೇಳವ್ವ ಅವರಿಗೆ" ಅಂದಳು ನನಗೆ. "ಆ ಕೊಳ್ಳಾಗಿಂದು ಬಿಚ್ಚಿ ಕೊಟ್ಟು ಹೋಗ್ರಿ ಅನ್ನು. ಬಣ್ಣ ಚೊಲೋ ಐತಿ, ಕೌದಿಗೆ ಹಚ್ತೀವಿ. ಅದನ್ನ ಒಗದು, ಒಣಗಿಸಿ, ತುಂಡು ಮಾಡಿ, ಹೊಲಿದು ಮುಗಿಸೋತನಕ ಇವರಿಬ್ರೂ ಇಲ್ಲೇ ಇರಲಿ. ಆಮ್ಯಾಲೆ ಬಂದು ನೋಡ್ರಿ ಅನ್ನು. ಬರುವಾಗ ಇನ್ನೊಂದು ಹಾಕ್ಕೊಂಡು ಬರ್ರಿ ಅನ್ನು."

ಒಂದು ಅಕ್ಷರ ಬಿಡದೆ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿಯ ಕೈ ತಾನಾಗಿ ಟೈ ಹಿಡಿದುಕೊಂಡಿತು. ಅಮ್ಮಾರು ಅವರ ಮುಖ ನೋಡಿದರು, ಅಜ್ಜಾರು ಅಮ್ಮಾರ ಮುಖ ನೋಡಿದರು. ದೊಡ್ಡವ್ವ ಕೈ ಚಾಚಿಕೊಂಡೇ ಕೂತಿದ್ದಳು.