ಹತ್ತಕ್ಕೆ ಹತ್ತು ಪಡೆದ ಕಿವಿ

ನನ್ನ ಕಿವಿ ಸಾಮಾನ್ಯ ಕಿವಿಯಲ್ಲ ಎಂಬುದು ನನಗೆ ಮೊದಲಿಂದಲೂ ಗೊತ್ತಿತ್ತು. ಜಗತ್ತಿಗೆ ಗೊತ್ತಿರಲಿಲ್ಲ, ಅಷ್ಟೇ! ಒಂದು ಭಾನುವಾರ ಬೆಳಗ್ಗೆ ಘೋಷಿಸಿಯೇಬಿಟ್ಟೆ: "ಇನ್ನು ಮುಂದೆ ಈ ಮನೇಲಿ ಹಾಡು ಕೇಳಿದ್ರೆ ಉತ್ತಮೋತ್ತಮ ಸ್ಪೀಕರಿನಲ್ಲೇ!"

ಅಂಗಡಿಯವರು ಧಾರಾಳಿ. ಕಪ್ಪು ಬಣ್ಣದ್ದೊಂದು ಜೋಡಿ, ಕಂದು ಬಣ್ಣದ್ದೊಂದು ಜೋಡಿ, ಎದೆಮಟ್ಟದ ಸ್ಪೀಕರುಗಳನ್ನು ಮನೆಗೇ ತಂದಿಳಿಸಿದರು. "ಒಂದು ವಾರ ಎರಡನ್ನೂ ಕೇಳಿ ಸಾರ್, ಇಷ್ಟವಾದದ್ದು ಇಟ್ಕೊಳ್ಳಿ. ಆದ್ರೆ ಸ್ಪೀಕರಿಗಿಂತ ಅದನ್ನ ಇಡೋ ಜಾಗ ಮುಖ್ಯ" ಎಂದು ಹೇಳಿ ಹೋದರು. ಆ ಕೊನೆಯ ಮಾತು ಹೇಳದೆ ಹೋಗಿದ್ದರೆ ನಮ್ಮ ಮನೆ ಮನೆಯಾಗಿ ಉಳಿಯುತ್ತಿತ್ತು.

ಟೇಪು ಹಿಡಿದು ಅಳೆದೆ. ಗೋಡೆಯಿಂದ ಮೂರಡಿ ಮುಂದೆ ಸ್ಪೀಕರು, ಎರಡರಿಂದಲೂ ಸಮದೂರದಲ್ಲಿ ನನ್ನ ಕುರ್ಚಿ. ಸೋಫಾ ಅಡ್ಡ ಬಂತು, ಮಲಗುವ ಕೋಣೆ ಸೇರಿತು. ಸೋಫಾ ಹೋದಮೇಲೆ ಖಾಲಿ ಹಾಲ್ ಗುಂಯ್‌ಗುಡತೊಡಗಿತು. ಅದನ್ನು ಅಡಗಿಸಲು ಮನೆಯ ಹಾಸಿಗೆಗಳನ್ನೆಲ್ಲ ತಂದು ಗೋಡೆಗೆ ಒರಗಿಸಿದೆ. ಊಟದ ಮೇಜು ಬಾಲ್ಕನಿಗೆ ಗಡೀಪಾರಾಯಿತು. ಮೂರನೇ ದಿನ ನನ್ನ ತಾಯಿ ಕಪಾಟಿನ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಇಲ್ಲಿ ಕೂತ್ಕೋಬಹುದೇನಪ್ಪಾ, ಇಲ್ಲ ನಾನೂ ನಿನ್ನ ಶಬ್ದಕ್ಕೆ ಅಡ್ಡಾನಾ?"

"ಅಡ್ಡ ಇಲ್ಲಮ್ಮಾ. ಎರಡಿಂಚು ಎಡಕ್ಕೆ ಸರಿ, ಸಾಕು!"

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎರಡೂ ಒಂದೇ ಥರ ಕೇಳಿಸುತ್ತಲ್ರೀ!"

"ಒಂದೇ ಥರಾನಾ! ಕಪ್ಪು ಜೋಡೀಲಿ ತಂತಿ ಮೀಟಿದ್ರೆ ಉಗುರು ತಾಗಿದ್ದೂ ಕೇಳಿಸುತ್ತೆ ಕಣೇ. ಕಂದು ಜೋಡೀಲಿ ಬರೀ ತಂತಿ!"

"ಹಾಗಾದ್ರೆ ಪರೀಕ್ಷೆ ಆಗೇ ಹೋಗ್ಲಿ. ನಿಮ್ಮ ಕಣ್ಣಿಗೆ ಬಟ್ಟೆ ಕಟ್ತೀನಿ. ಹತ್ತು ಸಲ ಸ್ಪೀಕರು ಬದಲಾಯಿಸ್ತೀನಿ. ಹತ್ತಕ್ಕೆ ಹತ್ತು ಸರಿ ಹೇಳಿದ್ರೆ ನಿಮಗೆ ಬೇಕಾದ ಜೋಡಿ ನಿಮ್ದು, ಹಾಲೂ ನಿಮ್ದು. ಒಂದು ತಪ್ಪಿದ್ರೂ ಎರಡು ಜೋಡೀನೂ ವಾಪಸ್ಸು, ಸೋಫಾ ವಾಪಸ್ಸು!"

ಕೂಡಲೇ ಒಪ್ಪಿದೆ. ತಾಯಿ ಅಂಕ ಬರೆಯಲು ಕೂತರು. ಹಾಡು ಶುರುವಾಯಿತು.

"ಕಪ್ಪು!" ಎಂದೆ. ಸರಿ. "ಕಂದು!" ಸರಿ. ನಾಲ್ಕನೇ ಸಲ ಅವಳು ಸ್ಪೀಕರು ಬದಲಾಯಿಸುವ ಗುಂಡಿಯನ್ನು ಎರಡು ಸಲ ತಿರುಗಿಸಿ ಮೊದಲಿದ್ದಲ್ಲಿಗೇ ತಂದಳು. "ಮೋಸ! ಅದೇ ಜೋಡಿ!" ಎಂದು ಕೂಗಿದೆ. ಅದೂ ಸರಿ! ಹತ್ತಕ್ಕೆ ಹತ್ತು! ಕಣ್ಣಿನ ಬಟ್ಟೆ ಕಿತ್ತೆಸೆದು, ರಾಜ್ಯ ಗೆದ್ದವನ ಹಾಗೆ ಎದ್ದು ನಿಂತೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಗೆದ್ದವನೇ. ಎಲುಬಿಲ್ಲದ ನಾಲಿಗೆ ಸುಮ್ಮನಿರಬೇಕಲ್ಲ!

"ಸ್ಪೀಕರು ಯಾವ ಲೆಕ್ಕ! ಏಳನೇ ಸಲ ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿತು. ಎಂಟನೇ ಸಲ ನೀನು ಅಮ್ಮನ ಕಿವೀಲಿ 'ಇವ್ರು ಸೋಲೋ ಹಾಗೆ ಕಾಣಲ್ಲ ಅತ್ತೆ' ಅಂತ ಪಿಸುಗುಟ್ಟಿದೆ. ಎಲ್ಲಾ ಕೇಳಿಸ್ತು!"

ಹೆಂಡತಿ ಸಿಡುಕುತ್ತಾಳೆಂದುಕೊಂಡೆ. ನಕ್ಕಳು. ನನಗೆ ಹೆದರಿಕೆಯಾದದ್ದು ಆಗಲೇ.

"ಅಷ್ಟು ಜೋರಾಗಿ ಹಾಡು ಇದ್ರೂ ಪಿಸುಮಾತು ಕೇಳಿಸ್ತಾ?"

"ಕೇಳಿಸದೇ ಏನು!"

"ಹಾಗಾದ್ರೆ ಹದಿನೆಂಟು ವರ್ಷದಿಂದ 'ಕಸ ಹೊರಗಿಡಿ, ಬಟ್ಟೆ ಒಣಹಾಕಿ, ಪಾತ್ರೆ ತೊಳೀರಿ' ಅಂತ ನಾನು ಗಂಟಲು ಹರ್ಕೊಂಡಾಗ, 'ಅಯ್ಯೋ, ಕೇಳಿಸ್ಲೇ ಇಲ್ಲ ಕಣೇ' ಅಂತಿದ್ದೋರು ಯಾರ್ರೀ?"

ಹೆತ್ತ ಕರುಳು ಕಾಪಾಡೀತೆಂದು ತಾಯಿಯ ಕಡೆ ನೋಡಿದೆ.

"ಅಯ್ಯೋ ನಿನ್ನ!" ಎಂದು ತಾಯಿ ಪೆನ್ನು ಕೆಳಗಿಟ್ಟರು. "ಚಿಕ್ಕಂದಿನಲ್ಲಿ ಅಂಗಡಿಗೆ ಹೋಗಿ ಬಾ ಅಂದ್ರೆ ನಿನಗೆ ಕೇಳಿಸ್ತಿರ್ಲಿಲ್ಲ ಅಂತ ಮೂರು ಡಾಕ್ಟ್ರ ಹತ್ರ ಕರ್ಕೊಂಡು ಅಲೆದೆನಲ್ಲೋ! ಇದು ಜಾಣ ಕಿವುಡಾ?"

ಹೆಂಡತಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಪ್ಪು ಜೋಡಿ ಉಳಿಯಿತು, ಹಾಲ್ ನನ್ನದಾಯಿತು. ಅಂಕಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಈಗ ಅವಳು ಕಿರುಚುವುದೇ ಇಲ್ಲ. ಸಮದೂರದ ಆ ಕುರ್ಚಿಯಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ, ತುಟಿಯಷ್ಟೇ ಅಲ್ಲಾಡಿಸುತ್ತಾಳೆ: "ಪಾತ್ರೆ." ನಾನು ಏಳುತ್ತೇನೆ.

ನಿನ್ನೆ ಅಂಗಡಿಯವರು ಫೋನ್ ಮಾಡಿ ವಿಚಾರಿಸಿದರು. "ಹೇಗಿದೆ ಸಾರ್ ಸ್ಪೀಕರು?"

ಕೈಯಲ್ಲಿದ್ದ ಬಾಣಲೆ ಕೆಳಗಿಟ್ಟು, ಎದೆಯುಬ್ಬಿಸಿ ಹೇಳಿದೆ: "ಅದ್ಭುತ! ಸಿಂಕಿನ ಮುಂದೆ ನಿಂತ್ರೂ ಒಂದೊಂದು ಸ್ವರಾನೂ ಸ್ಪಷ್ಟವಾಗಿ ಕೇಳಿಸುತ್ತೆ!"