ಗುಂಡಿಗೆ ಮೊದಲು ಪಂಪು

ಬೀದರದಲ್ಲಿ ನೆಲದ ನೀರು ಮೇಲೆ ಬರುತ್ತಿದೆ. ನಾನು ಪಂಪು ರಿಪೇರಿಯವ. ಮೊದಲು ನೀರು ಬರುತ್ತಿಲ್ಲವೆಂದು ಜನ ಕರೆಯುತ್ತಿದ್ದರು. ಈಗ ನೀರು ಹೋಗುತ್ತಿಲ್ಲವೆಂದು ಕರೆಯುತ್ತಾರೆ. ನಗುವಂಥದ್ದು ದಿನಕ್ಕೊಂದು ಆಗುತ್ತದೆ. ನಗುವವರು ಕಡಿಮೆ. ನನಗೆ ಬೇಕಾದದ್ದು ಒಂದೇ ತುಂಡು ಒಣ ನೆಲ, ರುದ್ರಭೂಮಿಯಲ್ಲಿ ಹೆಂಡತಿಯ ಪಕ್ಕ.

೧. ಸಾವಕಾರರ ನೆಲಮನೆ

ನಲ್ಲಿ ಬಂದ ಮೇಲೆ ಬಾವಿ ಸೇದುವವರಿಲ್ಲ. ಬಳಸಿ ಚೆಲ್ಲಿದ್ದೆಲ್ಲ ನೆಲಕ್ಕೇ ಇಳಿಯುತ್ತದೆ. ಒಬ್ಬ ತೊಗರಿ ಸಾವಕಾರರು ಬಾವಿ ಮುಚ್ಚಿಸಿ, ಅದರ ಮೇಲೆಯೇ ನೆಲಮನೆ ಕಟ್ಟಿಸಿದ್ದರು. ಚೀಲಗಳು ತೋಯ್ದು ಮೊಳಕೆ ಬಂದಿದ್ದವು.

"ಇಷ್ಟು ನೀರು ಎಲ್ಲಿಂದ ಬರ್ಲಕತ್ತದರಿ ಕಾಕಾ?"

"ನಿಮ್ಮ ಬಾವ್ಯಾಗಿಂದ."

"ಅದು ಮುಚ್ಚೀವಲ್ರಿ!"

"ನೀವು ಮುಚ್ಚೀರಿ. ಅದಕ್ಕ ಯಾರು ಹೇಳ್ಯಾರ?"

ನೀರನ್ನು ಹೊರಗೆ ಹಾಕಿದೆ. ಸಂಜೆಗೆ ಪಕ್ಕದ ದರ್ಜಿ ಕರೆದ. ಅದೇ ನೀರು.

೨. ಕಾಯಿ ಹಿಡಿಯುವವ

ನೌಬಾದದಲ್ಲಿ ಒಬ್ಬ ಮಾಸ್ತರರು ಮನೆ ಕಟ್ಟಲು ಹೊರಟರು. ಎಲ್ಲಿ ಅಗೆದರೂ ಪಾಯದಲ್ಲಿ ನೀರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನೀರು ಹುಡುಕುವವನನ್ನು ಭಾಲ್ಕಿಯಿಂದ ಕರೆಸಿದರು. ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ.

"ನೀರು ಎಲ್ಲಿ ಇಲ್ಲ, ಅದು ತೋರಸ್ರಿ," ಅಂದರು.

ಕಾಯಿ ನಿಂತಿತು. ಮೂಲೆಯಲ್ಲಿ ನಿಂತಿತು, ಬಾಗಿಲಲ್ಲಿ ನಿಂತಿತು, ರಸ್ತೆಯಲ್ಲೂ ನಿಂತಿತು. ಅದು ಮತ್ತೆ ಮಲಗಿದ್ದು ಅವನು ಭಾಲ್ಕಿ ಬಸ್ಸು ಹತ್ತಿದ ಮೇಲೆ.

೩. ರುದ್ರಭೂಮಿ

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ನಮ್ಮ ಓಣಿಯ ಹಿರಿಯರೊಬ್ಬರು ತೀರಿದರು. ಗುಂಡಿ ತೆಗೆದದ್ದು ನನ್ನ ಹೆಂಡತಿಯ ಸಮಾಧಿಯ ಹತ್ತಿರವೇ. ಹೆಣ ಬರುವಷ್ಟರಲ್ಲಿ ಗುಂಡಿಯಲ್ಲಿ ಸೊಂಟದ ಮಟ ನೀರು. ನನ್ನನ್ನು ಕರೆದರು. ಪಂಪು ಇಳಿಸಿದೆ. ಸ್ವಾಮಿಗಳು ವಿಭೂತಿ ಹಿಡಿದು ನಿಂತೇ ಇದ್ದರು. ಮಗ ಅಳುತ್ತ ನನ್ನ ಕೈ ಹಿಡಿದ.

"ಇನ್ನಷ್ಟು ಜಗ್ಗರಿ ಕಾಕಾ. ಅಪ್ಪಗ ಥಂಡಿ ಆಗಿಬರತಿರಲಿಲ್ರಿ."

ಜಗ್ಗಿದೆ. ಮಣ್ಣು ಮುಗಿಯಿತು. ಜನ ಹೋದರು. ಗುಂಡಿ ತೆಗೆಯುವವ ನನ್ನ ಹೆಂಡತಿಯ ಪಕ್ಕದ ಖಾಲಿ ಜಾಗಕ್ಕೆ ಸಲಿಕೆ ಊರಿ ನಿಂತ. ಸಲಿಕೆ ಒದ್ದೆಯಾಗಿ ಮೇಲೆ ಬಂತು.

"ನಿಮ್ಮ ಜಾಗಾನೂ ಹಿಂಗೇ ಅದರಿ. ನಿಮ್ಮ ದಿನ ಯಾರಿಗಿ ಕರೀಲಿ?"

"ನನಗೇ ಕರಿ."

ಅವನು ನಗಲಿಲ್ಲ. ನಿಂತು ವಿಚಾರ ಮಾಡಿದ.

"ನೀವು ಬರೋತನಕ ಗುಂಡಿ ತುಂಬತದರಿ. ಪಂಪು ಮೊದಲು ಕಳಸ್ರಿ. ನೀವು ಹಿಂದಿಂದ ಸಾವಕಾಶ ಬರ್ರಿ."

ಮಾತು ಸರಿ ಅನ್ನಿಸಿತು. ಹಳೇ ಪಂಪೊಂದನ್ನು ಎಣ್ಣೆ ಹಾಕಿ, ತಾಡಪತ್ರಿ ಸುತ್ತಿ, ಹೆಂಡತಿಯ ಸಮಾಧಿಗೆ ಒರಗಿಸಿ ಬಂದೆ.

ಬದುಕಿದ್ದಾಗ ಅದನ್ನು ಹೊಸ್ತಿಲೊಳಗೆ ಬಿಟ್ಟವಳಲ್ಲ.