ಹೊಲಿಗೆಯಮ್ಮನ ಕಾಲೂ ಅಂಚೆರಾಯರ ಮೀಸೆಯೂ

"ಆರೇ ಆರು ತಿಂಗಳು ತಡಿ! ನನ್ನ ಜಾನಪದ ತಂಡಕ್ಕೆ ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ಹೊಡೀಲಿಲ್ಲವೋ, ಈ ಮೀಸೆ ಬೋಳಿಸಿಕೊಂಡು ಬೀದಿ ಸುತ್ತುತ್ತೀನಿ!"

ಹೀಗೆ ಗುಡುಗಿದವರು ನಿವೃತ್ತ ಪೋಸ್ಟ್‌ಮ್ಯಾನ್, ಎಲ್ಲರ ಬಾಯಲ್ಲಿ ಅಂಚೆರಾಯರು. ಗುಡುಗು ಬಿದ್ದದ್ದು ಹೆಂಡತಿಯ ಮೇಲೆ. ಆಕೆ ಬೀದಿಗೆಲ್ಲ ಹೊಲಿಗೆಯಮ್ಮ. ಮಿಷನ್ ತುಳಿಯುತ್ತ, ತಲೆ ಎತ್ತದೆ ಅಂದಳು: "ಮೀಸೆ ತೆಗೆದರೆ ಮುಖದಲ್ಲಿ ಉಳಿಯೋದು ಮೂಗೊಂದೇ. ಯೋಚನೆ ಮಾಡಿ."

ಯೋಚನೆ ಮಾಡುವ ಜಾಯಮಾನ ರಾಯರದ್ದಲ್ಲ. ಮೂವತ್ತೈದು ವರ್ಷ ಸೈಕಲ್ ಮೇಲೆ ಹಾಡುತ್ತ ಕಾಗದ ಹಂಚಿದ ಗಂಟಲು ಅದು, ಮನೆಯಲ್ಲಿ ಸುಮ್ಮನೆ ಕೂತೀತೇ? ವಾರದೊಳಗೆ ತಂಡ ಕಟ್ಟಿಬಿಟ್ಟರು. ಡೋಲಿಗೆ ಕ್ಷೌರದಂಗಡಿಯವ, ಕೊಳಲಿಗೆ ಬೇಕರಿಯವ, ದನಿಗೂಡಿಸಲು ರಾಯರ ಭಾವಮೈದುನ. ಇವನು ಬಾಯಿ ತೆರೆದರೆ ಸ್ವರ ಬರುತ್ತಿರಲಿಲ್ಲ, ಆಕಳಿಕೆ ಬರುತ್ತಿತ್ತು! ಆದರೂ ಅಕ್ಕನ ಕೈಯ ಕಾಫಿಗಾಗಿ ಒಂದು ದಿನವೂ ತಪ್ಪಿಸಲಿಲ್ಲ.

ದಿನಾ ಸಂಜೆ ನಡುಮನೆಯಲ್ಲಿ ಅಭ್ಯಾಸ. ಪಕ್ಕದ ಕೋಣೆಯಲ್ಲಿ ಮಿಷನ್ನಿನ ಟಕಟಕ, ಟಕಟಕ.

"ಏನೇ, ಇಲ್ಲಿ ಕಲಾವಿದರು ಹಾಡ್ತಿದ್ದೀವಿ! ಆ ದರಿದ್ರ ಮಿಷನ್ ನಿಲ್ಲಿಸ್ತೀಯಾ?"

"ನಿಮ್ಮ ಹಾಡು ಉಟ್ಟುಕೊಳ್ಳೋಕಾಗಲ್ಲ. ಇದು ಆಗುತ್ತೆ."

ಟಕಟಕ ನಿಲ್ಲಲಿಲ್ಲ. ಆರು ತಿಂಗಳು ಉರುಳಿತು. ಪುರಭವನದಲ್ಲಿ ಹಾಡಿನ ಸ್ಪರ್ಧೆ! ಅವತ್ತು ಬೆಳಿಗ್ಗೆ ವೇದಿಕೆಯ ಮೇಲೆ ಒಂದು ಸಲ ಹಾಡಿ ನೋಡಿದರು ನೋಡಿ, ದೇವರೇ! ರಾಯರು ಮೊದಲ ಸಾಲಿನಲ್ಲಿದ್ದರೆ ಡೋಲು ಮೂರನೆಯದಕ್ಕೆ ಓಡಿತ್ತು. ಕೊಳಲು ಬೇರೆ ಹಾಡಿಗೇ ಹೊರಟುಹೋಗಿತ್ತು.

"ತಪ್ಪು ನಿಂದು!" "ನಿಮ್ಮದು ಸ್ವಾಮೀ!" ಎಂದು ಮೂವರೂ ಕಿತ್ತಾಡುತ್ತಿದ್ದರೆ, ಭಾವಮೈದುನ ಒಂದು ಆಕಳಿಕೆ ಮುಗಿಸಿ, ಜನ್ಮದಲ್ಲಿ ಮೊದಲ ಸಲ ಉಪಯೋಗದ ಮಾತಾಡಿದ.

"ಭಾವ, ಆರು ತಿಂಗಳೂ ನಮಗೆ ತಾಳ ಹಾಕಿದ್ದು ಅಕ್ಕನ ಕಾಲು. ಮಿಷನ್ ಇಲ್ಲದೆ ನಮ್ಮ ಬಂಡಿ ಹೋಗಲ್ಲ."

ಡೋಲಿನವನು ರಾಯರ ಮೀಸೆಯನ್ನೇ ನೋಡಿದ. ಕಸುಬಿನವನ ನೋಟ! ರಾಯರು ಮನೆಗೆ ಓಡಿದರು.

"ಏನೇ... ಸಂಜೆ ಪುರಭವನಕ್ಕೆ ಬರ್ತೀಯಾ?"

"ದರಿದ್ರ ಮಿಷನ್ ಬಿಟ್ಟೋ, ತಗೊಂಡೋ?"

"ದರಿದ್ರ ಅಂತ ಯಾರಂದರು? ಅದು ಸಾಕ್ಷಾತ್ ನಾದದೇವತೆ ಕಣೇ!"

"ಡಾಕ್ಟರ ಪ್ಯಾಂಟು ಇವತ್ತೇ ಕೊಡಬೇಕು. ಅಲ್ಲೇ ಕೂತು ಹೊಲೀತೀನಿ. ಒಪ್ಪಿಗೆನಾ?"

ಮಿಷನ್ ಪರದೆಯ ಹಿಂದೆ ಇರಲಿ ಎಂದು ರಾಯರ ಆಸೆ. "ಸೂಜಿಗೆ ಬೆಳಕು ಬೇಡವೇ?" ಎಂದು ಆಕೆ ವೇದಿಕೆಯ ನಟ್ಟನಡುವೆ ಇಳಿಸಿದಳು. ಪ್ಯಾಂಟಿನ ಕಾಲಿನ ಉದ್ದ ಹೊಲಿಗೆ ಬಂದಾಗ ಹಾಡು ಕುದುರೆಯಾಯಿತು, ಜೇಬಿನ ಮೂಲೆ ಬಂದಾಗ ಆಮೆಯಾಯಿತು. ನಡುವೆ ಪಟಕ್ಕನೆ ದಾರ ಕಡಿಯಿತು. ತಂಡ ಬಾಯಿ ತೆರೆದಂತೆಯೇ ಗಪ್ಪೆಂದು ನಿಂತಿತು! ಆಕೆ ನಿಧಾನವಾಗಿ ದಾರ ನೆಕ್ಕಿದಳು, ಕಣ್ಣು ಕಿರಿದು ಮಾಡಿ ಸೂಜಿಗೆ ಪೋಣಿಸಿದಳು, ತುಳಿದಳು. ನಿಂತ ಅಕ್ಷರದಿಂದಲೇ ಹಾಡು ಮತ್ತೆ ಹೊರಟಿತು. ಕೊನೆಗೆ ಆಕೆ ಪ್ಯಾಂಟು ಕೊಡವಿ ಎತ್ತಿ ಹಿಡಿದಾಗ ಮೂರನೇ ಸಾಲಿನ ಡಾಕ್ಟರು ಓಡಿಬಂದು ಸೊಂಟಕ್ಕೆ ಹಿಡಿದು ನೋಡಿಕೊಂಡರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ!

ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ರಾಯರು ಬಗ್ಗಿ ಬಗ್ಗಿ ನಮಸ್ಕಾರ ಮಾಡಿದರು. ಜನ ನೋಡುತ್ತಿದ್ದದ್ದು ಪ್ಯಾಂಟನ್ನು.

ಮೀಸೆಯೇನೋ ಉಳಿಯಿತು. ಆದರೆ ಆಮೇಲೆ ಜನ ಹಾಡು ಕೇಳಲು ಬಟ್ಟೆ ಕಂಕುಳಲ್ಲಿಟ್ಟುಕೊಂಡೇ ಬರತೊಡಗಿದರು. ವರ್ಷ ಕಳೆದಂತೆ ಬೇಕರಿಯವ ಕೊಳಲು ಬಿಟ್ಟು ಒಲೆಗೆ ಮರಳಿದ. ಡೋಲಿನವನು ಅಳತೆ ಪಟ್ಟಿ ಹಿಡಿದ, ಹೇಗೂ ಕತ್ತರಿ ಪಳಗಿದ ಕೈ. ಭಾವಮೈದುನ ಆಕಳಿಸುತ್ತಲೇ ಇಸ್ತ್ರಿಗೆ ನಿಂತ. ರಾಯರಿಗೆ ಸಿಕ್ಕಿದ್ದು ಗುಂಡಿ ಹಚ್ಚುವ ಕೆಲಸ. ಗುಂಡಿಗೂ ಗುಂಡಿಗೂ ನಡುವೆ ಬಿಡುವಾದರೆ ಹಾಡಬಹುದು.

ಮೊನ್ನೆ ಪಕ್ಕದೂರಿನಿಂದ ಕಾಗದ ಬಂತು. ರಾಯರೇ ಒಡೆದು ಗಟ್ಟಿಯಾಗಿ ಓದಿದರು: "ಹೊಲಿಗೆಯಮ್ಮನವರ ತಂಡ ತಪ್ಪದೆ ಬರಬೇಕು. ಹಾಡುವವರು ಬಂದರೂ ಅಡ್ಡಿಯಿಲ್ಲ."

ಹೊಲಿಗೆಯಮ್ಮ ಮಿಷನ್ನಿನಿಂದ ಕಾಲು ತೆಗೆದಳು.

"ಹಾಗಾದರೆ ನಾನು ಬರಲೋ, ಬೇಡವೋ?" ರಾಯರ ದನಿ ಸೂಜಿಯ ಕಣ್ಣಲ್ಲಿ ತೂರುವಷ್ಟು ಸಣ್ಣಗಾಗಿತ್ತು.

"ಅಯ್ಯೋ, ನೀವಿಲ್ಲದೆ ಆಗುತ್ತಾ?" ಎಂದಳು ಹೊಲಿಗೆಯಮ್ಮ. "ಅಷ್ಟು ದೊಡ್ಡ ಮೀಸೆ ಹೊತ್ತವರು, ಬಸ್ ಸ್ಟ್ಯಾಂಡಿನ ತನಕ ಮಿಷನ್ ಹೊರಲಾರಿರಾ?"